ಇಂಜಿನ್ ಅಕ್ಕ ಆರಿಸಿದ ಕ್ರ್ಯಾಂಕು

ಆ ಬೀದಿಯವರಿಗೆಲ್ಲ ಅವಳು ಇಂಜಿನ್ ಅಕ್ಕ. ಅಪ್ಪನ ಶೆಡ್ಡಿನಲ್ಲಿ ಅಂಬೆಗಾಲಿಡುವಾಗಲೇ ಕೈಗೆ ಸಿಕ್ಕ ಸ್ಪ್ಯಾನರನ್ನು ಐವತ್ತು ದಾಟಿದರೂ ಬಿಟ್ಟಿರಲಿಲ್ಲ. ಗಂಡ ಗಿಡ ಮಾರುವವನು, ಮಾತು ಕಡಿಮೆ. ಅವನ ಗಿಡಗಳೆಲ್ಲ ಇದ್ದದ್ದು ದಿಣ್ಣೆಯ ನೆತ್ತಿಯಲ್ಲಿ. ಮಣ್ಣಿನ ಚೀಲ ಹೇರಿದರೆ ಅವರ ಹಳೇ ಪಿಕಪ್ ಗಾಡಿ ಅರ್ಧ ದಾರಿಯಲ್ಲೇ ನಿಂತುಬಿಡುತ್ತಿತ್ತು. ಕೆಲವು ಚೀಲ ಇಳಿಸಿ, ಮೇಲೆ ಹೋಗಿ, ಉಳಿದದ್ದಕ್ಕೆ ಮತ್ತೆ ಬರಬೇಕು.

"ಬೇರೆ ಗಾಡಿ ತಗೊಂಡ್ಬಿಡೋಣ" ಎಂದ ಗಂಡ ಒಂದು ಸಂಜೆ.

"ಏದುಸಿರು ಬಿಡ್ತಾರೆ ಅಂತ ಬದಲಾಯಿಸೋಕೆ ಹೊರಟ್ರೆ ಮೊದಲು ನಿಮ್ಮನ್ನೇ ಬದಲಾಯಿಸ್ಬೇಕು" ಎಂದಳು ಅವಳು. "ಅದೇ ಇಂಜಿನ್ನಿಗೆ ಸ್ಟ್ರೋಕ್ ಹೆಚ್ಚಿಸ್ತೀನಿ, ನೋಡ್ತಾ ಇರಿ."

ಪಿಸ್ಟನ್ನನ್ನು ಮೇಲೆ ಕೆಳಗೆ ಓಡಾಡಿಸುವುದು ಕ್ರ್ಯಾಂಕು. ಅದರ ಮೊಣಕೈ ಉದ್ದವಾದಷ್ಟೂ ಪಿಸ್ಟನ್ನಿನ ಓಟ, ಅಂದರೆ ಸ್ಟ್ರೋಕ್, ಉದ್ದ; ಇಂಜಿನ್ನಿಗೆ ಕಸುವು ಹೆಚ್ಚು. ಕ್ರ್ಯಾಂಕುಗಳನ್ನು ಅರೆದು ನುಣುಪು ಮಾಡುವುದೇ ಕಸುಬಾಗಿದ್ದ ಭಾವನನ್ನು, ಅಂದರೆ ಗಂಡನ ಅಣ್ಣನನ್ನು, ಕರೆದುಕೊಂಡು ಅವಳು ಗುಜರಿ ಅಂಗಡಿಗೆ ಹೋದಳು. ಭಾವ ಹಿಡಿದ ಪಟ್ಟು ಬಿಡದ ಆಸಾಮಿ. ದೊಡ್ಡ ಇಂಜಿನ್ನಿನಿಂದ ಬಿಚ್ಚಿದ ಎರಡು ಕ್ರ್ಯಾಂಕುಗಳಲ್ಲಿ ಫಳಫಳ ಹೊಳೆಯುವುದನ್ನು ಎತ್ತಿಕೊಂಡ.

"ಇದೇ ಆಗ್ಲಿ. ಆ ತುಕ್ಕು ಹಿಡಿದದ್ದು ಯಾರಿಗೆ ಬೇಕಮ್ಮ?"

ಅವಳು ಎರಡನ್ನೂ ಹಗ್ಗದಲ್ಲಿ ತೂಗುಹಾಕಿ ಸುತ್ತಿಗೆಯಿಂದ ಮೆಲ್ಲಗೆ ಬಡಿದಳು. ಹೊಳೆಯುವುದು ಒಡೆದ ಮಡಕೆಯ ಹಾಗೆ ಸದ್ದು ಮಾಡಿತು. ತುಕ್ಕಿನದ್ದು ಠಣ್ಣೆಂದು ಗಂಟೆಯಂತೆ ಮೊಳಗಿತು.

"ಬೆಳ್ಳಗಿರೋದೆಲ್ಲ ಹಾಲಲ್ಲ, ಭಾವ."

ಭಾವ ಕನ್ನಡಕ ಏರಿಸಿ ಹುಡುಕಿದ. ಎಣ್ಣೆಯ ತೂತಿನ ಪಕ್ಕ ಕೂದಲೆಳೆಯಷ್ಟು ಬಿರುಕು. ಅವನ ಮೋರೆ ಹುಳ್ಳಗಾಯಿತು.

ಕ್ರ್ಯಾಂಕು ಸಿಕ್ಕಿತು, ಜಗಳ ಶುರುವಾದದ್ದು ಕ್ರ್ಯಾಂಕಿಗೂ ಪಿಸ್ಟನ್ನಿಗೂ ಕೊಂಡಿಯಾದ ಕನೆಕ್ಟಿಂಗ್ ರಾಡಿನ ಮೇಲೆ. ಮೊಣಕೈ ಉದ್ದವಾದ್ದರಿಂದ ಪಿಸ್ಟನ್ ಬ್ಲಾಕಿನಿಂದ ಮೇಲೆ ತಲೆ ಹಾಕುತ್ತದೆ.

"ಗಿಡ್ಡ ರಾಡ್ ಹಾಕು, ಮುಗೀತು" ಎಂದ ಭಾವ.

"ಗಿಡ್ಡ ರಾಡ್ ಜಾಸ್ತಿ ಓರೆಯಾಗುತ್ತೆ, ಪಿಸ್ಟನ್ನನ್ನ ಸಿಲಿಂಡರಿನ ಗೋಡೆಗೆ ಒತ್ತುತ್ತೆ. ಹೊರೆ ಹೊರೋ ಗಾಡಿ ಇದು, ಬೇಗ ಸವೆಯುತ್ತೆ. ರಾಡಿನ ಉದ್ದ ಹಾಗೇ ಇರ್ಲಿ, ರಾಡು ಸಿಕ್ಕಿಸೋ ಪಿನ್ನು ಇನ್ನೂ ಮೇಲಿರೋ ಪಿಸ್ಟನ್ ತರ್ಸೋಣ."

ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಊಟದ ಹೊತ್ತಿಗೂ ವಾದ ನಿಲ್ಲದಿದ್ದಾಗ ಗಂಡ ಬಾಯಿಬಿಟ್ಟ.

"ಗಿಡಕ್ಕೆ ಕುಂಡ ಸಾಲದಿದ್ರೆ ನಾನಂತೂ ಕುಂಡ ಬದಲಾಯಿಸ್ತೀನಿ ಅಣ್ಣ, ಬೇರು ಕತ್ತರಿಸಲ್ಲ."

"ಗಂಡ ಹೆಂಡ್ತಿ ಒಂದಾದ್ಮೇಲೆ ನನ್ನದೇನು ನಡೆಯುತ್ತೆ!" ಎಂದು ಭಾವ ಸೋಲೊಪ್ಪಿದ. ಆದರೆ ರಾಡು ಮಾತ್ರ ಹಳೆಯದು ಬೇಡವೆಂದು, ಅಷ್ಟೇ ಉದ್ದದ ಹೊಸ ಗಟ್ಟಿ ರಾಡುಗಳನ್ನು ತಾನೇ ತಂದುಕೊಟ್ಟ.

ಸಾಮಾನೆಲ್ಲ ಬಂದ ದಿನ ಅವಳು ಒಂದೇ ರಾಡು, ಒಂದೇ ಪಿಸ್ಟನ್ ಜೋಡಿಸಿ ಕೈಯಲ್ಲೇ ಕ್ರ್ಯಾಂಕು ತಿರುಗಿಸಿದಳು. ಅರ್ಧ ಸುತ್ತಿಗೆ ಟಕ್ಕೆಂದು ನಿಂತಿತು. ಈಗ ಭಾವನ ಬಾಯಿಗೆ ಬಿದ್ದೆ ಎಂದುಕೊಂಡಳು. ಆದರೆ ಅವನು ಟಾರ್ಚು ಹಿಡಿದು ಬಗ್ಗಿದ.

"ರಾಡಿನ ಬೋಲ್ಟು ಸಿಲಿಂಡರಿನ ಕೆಳಗಿನ ಅಂಚಿಗೆ ತಾಗ್ತಿದೆ. ಚೂರು ಅರೆದ್ರೆ ಸಾಕು."

"ಹಿಂದುಗಡೆ ಇಂಜಿನ್ ತಣಿಸೋ ನೀರಿನ ದಾರಿ ಇದೆ ಭಾವ. ತೂತು ಬಿದ್ರೆ ಬ್ಲಾಕೇ ಹೋಯ್ತು."

"ಇಡೀ ಜೀವಮಾನ ಅರೆದ ಕೈಯಮ್ಮ ಇದು. ನೀನು ತಿರುಗಿಸ್ತಾ ಇರು."

ಅವನು ಒಂದಿಷ್ಟು ಅರೆಯುವುದು, ಅವಳು ತಿರುಗಿಸಿ ನೋಡುವುದು, ಮತ್ತೆ ಅರೆಯುವುದು. ಸಂದಿನಲ್ಲಿ ದಪ್ಪ ತಂತಿಯೊಂದು ಸಲೀಸಾಗಿ ತೂರುವವರೆಗೂ ಇದೇ ನಡೆಯಿತು. ಉಳಿದ ಸಿಲಿಂಡರುಗಳಿಗೂ ಅದೇ ಉಪಚಾರ. ಅವನ ಬೆರಳುಗಳು ಕಬ್ಬಿಣವನ್ನು ಸವರುತ್ತಿದ್ದ ಬಗೆ ನೋಡಿ ಅವಳಿಗೆ ಜಗಳವಾಡಿದ್ದೇ ಮರೆತುಹೋಯಿತು. ಹೊಸ ರಾಡು, ಪಿಸ್ಟನ್ನುಗಳ ತೂಕಕ್ಕೆ ಕ್ರ್ಯಾಂಕನ್ನು ಸರಿತೂಗಿಸಿಕೊಟ್ಟದ್ದೂ ಭಾವನೇ.

ಮಣ್ಣಿನ ಚೀಲ ತುಂಬಿಸಿಕೊಂಡು ಮೂವರೂ ಹೊರಟರು. ಗಾಡಿ ಯಾವಾಗಲೂ ನಿಲ್ಲುತ್ತಿದ್ದ ಜಾಗ ಬಂದಾಗ ಗಂಡ ಬಾಗಿಲ ಹಿಡಿ ಬಿಗಿಹಿಡಿದ. ಇಂಜಿನ್ ತಗ್ಗಿದ ದನಿಯಲ್ಲಿ ಗುರುಗುಟ್ಟಿ ಒಂದೇ ಉಸಿರಿಗೆ ಮೇಲೇರಿತು.

"ಇನ್ಮೇಲೆ ಮಾವಿನ ಸಸೀನೂ ತರಿಸ್ಬಹುದು" ಎಂದ ಗಂಡ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ಅಷ್ಟರಲ್ಲಿ ಭಾವ ಕೆಳಗಿಳಿದು, ಗಿಡಕ್ಕೆ ನೀರು ಹಾಯಿಸುತ್ತಿದ್ದ ಆಳಿಗೆ ಕೈ ಬೀಸಿ ಬೀಸಿ ವಿವರಿಸುತ್ತಿದ್ದ. "ಉದ್ದನೇ ರಾಡೇ ಹಾಕ್ಬೇಕು ಅಂತ ನಾನು ಮೊದಲಿಂದ್ಲೂ ಹೇಳ್ತಾನೇ ಇದ್ದೆ!"

ಗೆದ್ದೆತ್ತಿನ ಬಾಲ ಹಿಡಿಯಲು ಎಲ್ಲರಿಗೂ ಆಸೆ. ಇಂಜಿನ್ ಅಕ್ಕ ನಗು ತಡೆದುಕೊಂಡು, ಸೆರಗು ಸಿಕ್ಕಿಸಿ ಚೀಲ ಇಳಿಸತೊಡಗಿದಳು.