ಖಾಲಿ ಬಿಡಲಾಗದ ಇಪ್ಪತ್ತಮೂರು

ಪುತ್ತೂರಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನನ್ನ ಸುಪರ್ದಿಯಲ್ಲಿದ್ದಷ್ಟು ವರ್ಷ ನಾನು ಶನಿವಾರ ಬೇಗ ಮನೆಗೆ ಹೋದವನಲ್ಲ. ಕಾಲೇಜು ಬಿಟ್ಟವರ ಹೆಸರನ್ನು ಬಳಕೆದಾರರ ಪಟ್ಟಿಯಿಂದ ತೆಗೆದು, ಹೊಸಬರದ್ದು ಸೇರಿಸಿ, ಆ ಪಟ್ಟಿಯನ್ನು ಎಲ್ಲ ಕಂಪ್ಯೂಟರ್‌ಗಳಿಗೂ ಹಾಕಬೇಕಿತ್ತು. ಪ್ರತಿ ಹೆಸರಿಗೂ ಒಂದು ಸಂಖ್ಯೆ. ಹಾಜರಿ ಪುಸ್ತಕದಲ್ಲಿ ಸಾಲು ಬಿಡಬಾರದೆಂದು ಕಲಿತವನು ನಾನು; ನಡುವೆ ಸಂಖ್ಯೆ ಖಾಲಿಯಾದರೆ ಹೊಸಬರಿಗೆ ಕೊಟ್ಟುಬಿಡುತ್ತಿದ್ದೆ. ಹಳಬರ ಫೈಲುಗಳನ್ನು ಮಾತ್ರ, ಯಾರಾದರೂ ಕೇಳಿಕೊಂಡು ಬಂದಾರೆಂದು, ಅಳಿಸುತ್ತಿರಲಿಲ್ಲ.

ಒಮ್ಮೆ ಪ್ರಾಯೋಗಿಕ ಪರೀಕ್ಷೆಯ ಬೆಳಿಗ್ಗೆ ಫೈಲುಗಳನ್ನು ನೋಡುತ್ತಿದ್ದೆ. ಹಿಂದಿನ ವರ್ಷ ಟಿ.ಸಿ. ತೆಗೆದುಕೊಂಡು ಹೋಗಿದ್ದ ಕಡಬದ ವಿದ್ಯಾರ್ಥಿಯೊಬ್ಬ ತನ್ನ ಹೆಸರು ಹಾಕಿ ಬರೆದಿಟ್ಟಿದ್ದ ಉತ್ತರಗಳೆಲ್ಲ ಗುತ್ತಿಗಾರಿನಿಂದ ಬರುವ ಹೊಸ ಹುಡುಗಿಯ ಹೆಸರಿನಲ್ಲಿದ್ದವು! ಅವಳ ಮೇಲೆ ನನಗೆ ಮೊದಲೇ ಸಂಶಯ. ಯಾವಾಗಲೂ ಕೊನೆಯ ಕಂಪ್ಯೂಟರೇ ಬೇಕು. ನಾನು ಹತ್ತಿರ ಹೋದರೆ ತೆರೆದದ್ದನ್ನು ಮುಚ್ಚುತ್ತಾಳೆ. ಅವಳನ್ನು ಪರೀಕ್ಷೆಗೆ ಕೂರಿಸಬಾರದೆಂದು ಪ್ರಿನ್ಸಿಪಾಲರಿಗೆ ಪತ್ರ ಬರೆದುಕೊಟ್ಟೆ.

ನನ್ನ ಸಂಶಯದ ಕಾರಣ ಕೇಳಿ ಕೆದಂಬಾಡಿಯ ನನ್ನ ಸಹೋದ್ಯೋಗಿ ನಕ್ಕರು. "ಎಂತ ಮಾರಾಯ್ರೆ, ನಿಮ್ಮನ್ನು ಕಂಡರೆ ನಾನೂ ಮುಚ್ಚುದೇ. ಹಾಗಾದ್ರೆ ನಾನೂ ಕಳ್ಳನಾ?"

ನಾನು ನಗಲಿಲ್ಲ. ಲ್ಯಾಬಿಗೆ ಹೋಗಿ, ಎಲ್ಲರೆದುರು ಅವಳನ್ನು ಎಬ್ಬಿಸಿ, "ಕದ್ದ ಉತ್ತರ ಇಟ್ಟುಕೊಂಡವರಿಗೆ ಪರೀಕ್ಷೆ ಇಲ್ಲ" ಎಂದೆ. ಸಾಕ್ಷಿಗೆ ಪರದೆಯನ್ನೂ ತೋರಿಸಿದೆ.

ಅವಳು ಬಗ್ಗಿ ನೋಡಿದಳು. "ತಾರೀಕು ನೋಡಿ ಸರ್. ಆಗ ನಾನು ಊರಲ್ಲಿ ಪಿಯುಸಿ ಓದುದು. ಈ ಲ್ಯಾಬಿನ ಬಾಗಿಲೂ ನೋಡಿರ್ಲಿಲ್ಲ."

ತಾರೀಕು ಹೌದು, ಹಿಂದಿನ ವರ್ಷದ್ದು. ಕಂಪ್ಯೂಟರ್ ಫೈಲಿನ ಜೊತೆ ಒಡೆಯನ ಹೆಸರನ್ನು ಇಡುವುದಿಲ್ಲ, ಸಂಖ್ಯೆಯನ್ನಷ್ಟೇ ಇಡುತ್ತದೆ. ಈಗ ಆ ಸಂಖ್ಯೆ ಯಾರದ್ದೋ ಅವರ ಹೆಸರನ್ನು ತೋರಿಸುತ್ತದೆ. ಇಪ್ಪತ್ತಮೂರು ಆ ಹುಡುಗನದ್ದಾಗಿತ್ತು. ಅದನ್ನು ಅವಳಿಗೆ ಕೊಟ್ಟವನು ನಾನು.

ಪರೀಕ್ಷೆಗೆ ಹತ್ತು ನಿಮಿಷವಿತ್ತು. ಪ್ರಿನ್ಸಿಪಾಲರ ಕೋಣೆಗೆ ಓಡಿ, ನನ್ನ ಪತ್ರ ವಾಪಸ್ ಕೇಳಿದೆ. ಅವರು ಪತ್ರ ಹಿಂದೆ ಕೊಡುತ್ತಾ, "ತಪ್ಪು ಯಾರದ್ದು?" ಎಂದು ಕೇಳಿದರು. "ನನ್ನದೇ" ಎಂದೆ.

ಮರಳಿ ಬಂದಾಗ ಅವಳು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ಹೋಗಿ ಕೂತುಕೋ, ತೊಂದರೆಯಿಲ್ಲ ಎಂದು ಮೆಲ್ಲಗೆ ಹೇಳಿದೆ. ಅವಳು ಕದಲಲಿಲ್ಲ.

"ಕಳ್ಳಿ ಅಂತ ಒಳಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ್ರಿ. ಇದನ್ನು ನಂಗೆ ಮಾತ್ರ ಹೇಳುದಾ ಸರ್?"

ಒಳಗೆ ಹೋಗಿ ಎಲ್ಲರಿಗೂ ಕೇಳುವಂತೆ ನನ್ನ ತಪ್ಪನ್ನು ಹೇಳಿದೆ. ಪೂರ್ತಿ ಕೇಳಿಸಿಕೊಂಡ ಮೇಲೆಯೇ ಅವಳು ಒಳಗೆ ಬಂದು ಪರೀಕ್ಷೆಗೆ ಕೂತದ್ದು.