ಹನ್ನೆರಡು ಹೆಬ್ಬೆಟ್ಟು

ಮೊನ್ನೆ ಆಫೀಸಿನ ಮೇಜಿನ ಡ್ರಾಯರ್ ಚೊಕ್ಕಟ ಮಾಡುವಾಗ ರೆವಿನ್ಯೂ ಸ್ಟಾಂಪಿನ ಹಳೆಯ ಹಾಳೆಯೊಂದು ಸಿಕ್ಕಿತು. ತೇವಕ್ಕೆ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಒಂದನ್ನು ಹರಿದು, ಹಳೆಯ ಚಾಳಿಯಂತೆ ನಾಲಿಗೆಗೆ ತಾಗಿಸಿದೆ. ಅದೇ ಸಪ್ಪೆ ಗೋಂದಿನ ರುಚಿ. ನೀವೂ ಸಂಬಳದವರಾದರೆ ಜನವರಿ ತಿಂಗಳಿಗೆ ಈ ರುಚಿ ಇರುತ್ತಿದ್ದುದು ನಿಮಗೆ ನೆನಪಿರಬಹುದು.

ಹಾಸನದ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಅಕೌಂಟ್ಸ್ ಗುಮಾಸ್ತ. ಪ್ರತಿ ಜನವರಿಯಲ್ಲೂ ನೌಕರರಿಂದ ತೆರಿಗೆಯ ಫಾರಂ ತುಂಬಿಸಿಕೊಳ್ಳುವುದು ನನ್ನ ಕೆಲಸ. ಮನೆ ಬಾಡಿಗೆ ಎಷ್ಟು, ವಿಮೆ ಎಷ್ಟು, ಮಕ್ಕಳ ಫೀಸು ಎಷ್ಟು ಎಂದು ಅವರು ಬರೆದು ರಸೀದಿ ಲಗತ್ತಿಸಬೇಕು, ಬಾಡಿಗೆ ರಸೀದಿಗೆ ಸ್ಟಾಂಪೂ ಅಂಟಿಸಿರಬೇಕು. ಅದನ್ನು ನೋಡಿ ಸಂಬಳದಲ್ಲಿ ಎಷ್ಟು ತೆರಿಗೆ ಹಿಡಿಯಬೇಕೆಂದು ನಾನು ಹೇಳಬೇಕು. ಫಾರಂ ಸರಿಯಾಗಿ ತುಂಬಲು ನೌಕರರಿಗೆ ನೆರವಾಗತಕ್ಕದ್ದು ಎಂದು ಸುತ್ತೋಲೆಯಲ್ಲಿ ಇರುತ್ತಿತ್ತು. ನಾನು ಮಾತ್ರ ಅದನ್ನು ಕಳ್ಳರನ್ನು ಹಿಡಿಯುವ ಕೆಲಸ ಎಂದೇ ತಿಳಿದಿದ್ದೆ.

ಅನುಮಾನ ನನಗೆ ಹುಟ್ಟಿನಿಂದಲೇ ಬಂದದ್ದು. ತೆಂಗಿನಕಾಯಿಯನ್ನು ಅಂಗಡಿಯಲ್ಲಿ ಅಲ್ಲಾಡಿಸಿ ಕೊಳ್ಳುವವರು ಎಲ್ಲ ಕಡೆ ಇದ್ದಾರೆ. ಮನೆಗೆ ಬಂದ ಮೇಲೆ, ದಾರಿಯಲ್ಲೇನಾದರೂ ಬದಲಾಯಿತೇ ಎಂದು ಮತ್ತೊಮ್ಮೆ ಅಲ್ಲಾಡಿಸುವವನು ನಾನೊಬ್ಬನೇ ಇರಬೇಕು. "ನಿಮ್ಮನ್ನ ಪೊಲೀಸ್ ಮಾಡಿದ್ರೆ ಮೊದ್ಲು ಸ್ಟೇಷನ್ನಲ್ಲಿರೋರನ್ನೇ ಒಳಗಾಕ್ತಿದ್ರಿ" ಎನ್ನುತ್ತಾಳೆ ನನ್ನ ಹೆಂಡತಿ.

ಹಾಗೆಂದು ತಪ್ಪೆಲ್ಲ ನನ್ನದೇ ಅಲ್ಲ. ಚನ್ನರಾಯಪಟ್ಟಣದಿಂದ ಓಡಾಡುತ್ತಿದ್ದ ಕಾಮರ್ಸ್ ಮೇಷ್ಟ್ರು ಒಮ್ಮೆ ಜೂನ್ ಮೂವತ್ತೊಂದನೇ ತಾರೀಖಿನ ಬಾಡಿಗೆ ರಸೀದಿ ತಂದುಕೊಟ್ಟರು. ಅರಕಲಗೂಡಿನ ಪಿ.ಟಿ. ಮೇಷ್ಟ್ರ ರಸೀದಿಯಲ್ಲಿ ಮನೆ ಮಾಲೀಕರ ಸಹಿಗೂ ಮೇಷ್ಟ್ರ ಹಾಜರಿ ಸಹಿಗೂ ಒಂದೇ ಬಾಲ. ಕೇಳಿದರೆ, "ಏನ್ಮಾಡದು ಸಾ, ಇಬ್ರೂ ಒಂದೇ ಸ್ಕೂಲ್ನಾಗೆ ಓದಿದ್ದು" ಎಂದು ನಕ್ಕರು. ಇಂಥವರ ನಡುವೆ ಕುಳಿತವನಿಗೆ ಸಾಚಾ ಮನುಷ್ಯರೂ ಕಳ್ಳರಂತೆ ಕಂಡರೆ ಆಶ್ಚರ್ಯವಿಲ್ಲ.

ಐದಾರು ವರ್ಷದ ಹಿಂದೆ ನಾಗರತ್ನ ಮೇಡಂ ತಮ್ಮ ಫಾರಂ ತಂದರು. ಕೆಮಿಸ್ಟ್ರಿ ಹೇಳಿಕೊಡುತ್ತಿದ್ದರು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ದಿನಾ ಹೊಳೆನರಸೀಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಫಾರಂ ಜೊತೆ ಹನ್ನೆರಡು ತಿಂಗಳ ಹನ್ನೆರಡು ರಸೀದಿ, ಸ್ಟಾಂಪಿನ ಮೇಲೆ ಹನ್ನೆರಡು ನೇರಳೆ ಹೆಬ್ಬೆಟ್ಟು. ಎಲ್ಲಕ್ಕೂ ಒಂದೇ ಶಾಯಿ, ಎಲ್ಲದರ ವಾಲಿಕೆಯೂ ಒಂದೇ. ಒಂದೇ ಕೂತಲ್ಲಿ ಒತ್ತಿದ್ದೆಂದು ಕುರುಡನಿಗೂ ತಿಳಿಯುತ್ತಿತ್ತು. ಮಾಲೀಕರ ಹೆಸರು ಪುಟ್ಟತಾಯಮ್ಮ.

"ಇವರು ನಿಮಗೆ ಏನಾಗಬೇಕು?"

"ಅತ್ತೆ, ಸಾ."

ನನ್ನ ಮೂಗು ಅರಳಿತು. ಅತ್ತೆಗೆ ಬಾಡಿಗೆ ಕೊಡಬಾರದೆಂದು ಕಾನೂನಿಲ್ಲ, ಆದರೆ ಕೊಟ್ಟಿರಬೇಕು. ಕೊಟ್ಟಿಲ್ಲವೆಂದಾದರೆ ಮಾರ್ಚಿಗೆ ಉಳಿದ ಎರಡು ತಿಂಗಳ ಸಂಬಳದಲ್ಲಿ ತೆರಿಗೆ ಹಿಡಿಯಬೇಕು, ಸುಳ್ಳು ಕಾಗದ ಎಂದು ಪ್ರಿನ್ಸಿಪಾಲರಿಗೆ ಬರೆಯಬೇಕು. ಕಾಯಂ ಆಗದವರಿಗೆ ಅಷ್ಟು ಸಾಕು, ಕೆಲಸವೇ ಹೋಗುತ್ತಿತ್ತು. ಅದನ್ನು ಅವರಿಗೆ ಹೇಳಿಯೂ ಹೇಳಿದೆ.

"ದುಡ್ಡು ಕೊಡ್ತಿರೋದು ದಿಟ ಸಾ. ನನ್ನ ಮಗಳ ಮೇಲಾಣೆ. ಏನು ಬೇಕಾದ್ರೂ ಕೇಳಿ, ಮನೆ ತಾವ ಮಾತ್ರ ಹೋಗ್ಬೇಡಿ."

ಹೋಗಬೇಡಿ ಎಂದರೆ ನನ್ನಂಥವನಿಗೆ ಬಾ ಎಂದು ವೀಳ್ಯ ಕೊಟ್ಟ ಹಾಗೆ. ಟೈಂಟೇಬಲ್ ನೋಡಿ, ಅವರಿಗೆ ಇಡೀ ದಿನ ಕ್ಲಾಸಿರುವ ಬುಧವಾರವನ್ನೇ ಆರಿಸಿ ರಜೆ ಹಾಕಿದೆ. ಬಸ್ಸಿನಲ್ಲಿ ಕೂತು ಪ್ರಿನ್ಸಿಪಾಲರಿಗೆ ಬರೆಯಬೇಕಾದ ಪತ್ರದ ಒಕ್ಕಣೆಯನ್ನೂ ಯೋಚಿಸಿಕೊಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೊಳೆ ಕಡೆಯ ಬೀದಿಯಲ್ಲಿ ಮನೆ. ಜಗಲಿಯ ಮೇಲೆ ಪುಟ್ಟತಾಯಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಕಾಲೇಜಿನವನು ಎಂದೆ. ಕೂರಿಸಿ, ಒಂದು ಹಿಡಿ ಕಾಯನ್ನು ನನ್ನ ಮುಂದೂ ಸುರಿದರು. ಸುಲಿಯುತ್ತಾ ಸುಲಿಯುತ್ತಾ ಕೇಳಿದೆ: "ಅಮ್ಮಾ, ನಿಮ್ಮ ಸೊಸೆ ಈ ಮನೆಗೆ ಬಾಡಿಗೆ ಕೊಡ್ತಾರಾ?"

"ಬಾಡ್ಗೆನಾ? ಮನೆ ಸೊಸೆ ಯಾಕಪ್ಪ ಬಾಡ್ಗೆ ಕೊಡ್ತಾಳೆ?"

ಸಿಕ್ಕಿಬಿದ್ದಳು ಎಂದು ಮನಸ್ಸು ಕುಣಿಯಿತು, ಸುಳ್ಳೇಕೆ ಹೇಳಲಿ.

ಜೇಬಿನಿಂದ ರಸೀದಿಗಳನ್ನು ತೆಗೆದು ತೋರಿಸಿದೆ. "ಮತ್ತೆ ಈ ಹೆಬ್ಬೆಟ್ಟು?"

"ಅದಾ? ನನ್ ಮಗ ತಿಂಗ್ಳು ತಿಂಗ್ಳು ದುಡ್ಡು ಕಳಿಸ್ತಾನೆ ಕಣಪ್ಪ. ಮನೆ ಬಿಟ್ಟೋಗಿ ನಾಕು ವರ್ಸಾಯ್ತು, ಮಕ ತೋರ್ಸಿಲ್ಲ. ಆದ್ರೂ ದುಡ್ಡು ತಪ್ಸಿಲ್ಲ. ಸೊಸೆ ಬ್ಯಾಂಕಿಂದ ತಂದು ನನ್ ಕೈಗೆ ಕೊಡ್ತಾಳೆ. ವರ್ಸಕ್ಕೊಂದ್ಸಲ ಬ್ಯಾಂಕ್ನೋರಿಗೆ ಅಂತ ಎಬ್ಬೆಟ್ಟು ಒತ್ತುಸ್ಕತಾಳೆ."

ನನ್ನ ಕೈಯ ಅವರೆಕಾಯಿ ಕೈಯಲ್ಲೇ ಉಳಿಯಿತು. ಆ ಮಗನ, ಅಂದರೆ ಮೇಡಂ ಗಂಡನ, ಪತ್ತೆಯೇ ಇಲ್ಲ ಎಂಬುದು ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ನಾನು ಇನ್ನೊಂದು ಪ್ರಶ್ನೆ ಕೇಳಿದ್ದರೆ ಆ ಮುದುಕಿಯ ಮಗ ಆ ಜಗಲಿಯ ಮೇಲೇ ಇಲ್ಲವಾಗುತ್ತಿದ್ದ.

"ಹೂಂ ಅಮ್ಮಾ," ಎಂದೆ. "ಮಗನ ದುಡ್ಡು ಸರಿಯಾಗಿ ಬರ್ತಾ ಇದೆಯಾ ಅಂತ ವಿಚಾರಿಸೋಕೇ ಬಂದದ್ದು." ಲೆಕ್ಕ ಬರೆಯುವವನ ಬಾಯಿಂದ ಅಷ್ಟು ಸಲೀಸಾಗಿ ಸುಳ್ಳು ಬಂತು.

ಎದ್ದು ಚಪ್ಪಲಿ ಮೆಟ್ಟಿಕೊಳ್ಳುವಾಗ ಪುಟ್ಟತಾಯಮ್ಮ ತಲೆಯೆತ್ತದೆ ಕೇಳಿದರು: "ಆ ಚೀಟಿ ಸರೀಗಿಲ್ದಿದ್ರೆ ಅವ್ಳ ಸಂಬಳದಾಗೆ ಇಡ್ಕತೀರಾ?"

ಒಂದೇ ಚಪ್ಪಲಿ ಮೆಟ್ಟಿಕೊಂಡು ಅವರ ಕಡೆ ತಿರುಗಿದೆ. ಅದು ಬ್ಯಾಂಕಿನ ಚೀಟಿ ಎಂದು ನಂಬಿದವರು ಸೊಸೆಯ ಸಂಬಳದ ಮಾತೇಕೆ ಎತ್ತಿದರು?

"ನಂಗೆ ಓದಕ್ ಬರಲ್ಲ, ಅಷ್ಟೇಯ. ಅವ್ಳು ಒಂದು ಹೊಸ ಸೀರೆ ಉಟ್ಟು ಎಷ್ಟು ದಿನಾಯ್ತು ಅಂತ ಕಾಣಲ್ವಾ? ನನ್ ಮಗ ಕಳ್ಸೋನಲ್ಲ ಕಣಪ್ಪ. ಅವ್ಳಿಗೆ ಏಳ್ಬ್ಯಾಡ. ನಾನು ನಂಬ್ಕಂಡಿವ್ನಿ ಅಂತ ಅವ್ಳಿಗೆ ಸಮಾಧಾನ. ಇನ್ನೂ ಎಲ್ಲಾದ್ರೂ ಒತ್ಬೇಕಾದ್ರೆ ಕೊಡು, ಒತ್ತಿಕೊಡ್ತೀನಿ."

ಹಾಸನಕ್ಕೆ ಬಂದವನು ಆ ಹನ್ನೆರಡೂ ರಸೀದಿಗೆ ಸರಿ ಎಂದು ಗುರುತು ಹಾಕಿದೆ. ಮನೆ ಅತ್ತೆಯದು, ಇರುವವಳು ಸೊಸೆ, ತಿಂಗಳು ತಿಂಗಳು ದುಡ್ಡು ಕೈಗೆ ಸೇರುತ್ತಿದೆ. ಬಾಡಿಗೆ ಎನ್ನಲು ಇನ್ನೇನು ಬೇಕು? ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಕಾನೂನು ಒಪ್ಪುತ್ತಿತ್ತೋ ಇಲ್ಲವೋ, ಆ ಒಂದು ಅನುಮಾನವನ್ನು ಮಾತ್ರ ನಾನು ಯಾರ ಹತ್ತಿರವೂ ಬಗೆಹರಿಸಿಕೊಳ್ಳಲಿಲ್ಲ.

ಈಗ ತೆರಿಗೆಯ ಹೊಸ ಪದ್ಧತಿ ಬಂದು ನಮ್ಮಲ್ಲಿ ಹೆಚ್ಚಿನವರು ಅದನ್ನೇ ಆರಿಸಿಕೊಂಡಿದ್ದಾರೆ. ಅದರಲ್ಲಿ ಬಾಡಿಗೆ ರಸೀದಿ ಕೇಳುವುದಿಲ್ಲ, ಸ್ಟಾಂಪೂ ಬೇಡ. ನಾಗರತ್ನ ಮೇಡಂ ಈಗ ಕಾಯಂ ಆಗಿದ್ದಾರೆ, ಅವರದೂ ಹೊಸ ಪದ್ಧತಿಯೇ. ಮೊನ್ನೆ ನಾನು ಸೊಟ್ಟ ಹಾಳೆಯನ್ನು ಕಸದ ಬುಟ್ಟಿಗೆ ಹಾಕಬೇಕೆಂದಿರುವಾಗ ಅವರು ಬಾಗಿಲಲ್ಲಿ ನಿಂತಿದ್ದರು.

"ಸಾ, ನಿಮ್ಮತ್ರ ಹನ್ನೆರಡು ರೆವಿನ್ಯೂ ಸ್ಟಾಂಪ್ ಇರ್ತವಾ? ಅತ್ತೆ ನೆನ್ನೆಯಿಂದ ಕೇಳ್ತಾವ್ರೆ, ಜನವರಿ ಬಂತಲ್ಲ, ಎಬ್ಬೆಟ್ಟು ಯಾವಾಗ ಒತ್ಬೇಕು ಅಂತ."

ನಾನು ಹಾಳೆಯನ್ನು ಬಿಸಿಲಿಗೆ ಹಿಡಿದು, ಅಂಟಿದ್ದನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ, ಹನ್ನೆರಡು ಎಣಿಸಿ ಅವರ ಕೈಗಿಟ್ಟೆ. ಯಾಕೆ ಎಂದು ಕೇಳಲಿಲ್ಲ.