ಬರಿ ಕೇಳಿದ್ದೆ, ತಾಯಿಯ ಮನೆ ಕೇಳಿರಲಿಲ್ಲ

ಬಂಗುಡೆ ಶುಚಿ ಮಾಡುತ್ತಿದ್ದಾಗ ಊರಿನಿಂದ ದೊಡ್ಡಮ್ಮನ ಫೋನು ಬಂತು. ಕಿರುಬೆರಳನ್ನು ನೈಟಿಗೆ ಒರೆಸಿ ಸ್ಪೀಕರ್ ಒತ್ತಿದೆ.

"ಆ ಹುಡುಗನ ಬರಿ ನಮ್ಮದಲ್ಲ ಮಗಾ," ಎಂದರು, ಹೇಗಿದ್ದಿ ಎಂದೂ ಕೇಳದೆ.

ಹದಿನೈದು ದಿನಗಳಿಂದ ನಮ್ಮ ಮನೆಯನ್ನು ಕಾಡುತ್ತಿದ್ದದ್ದು ಇದೇ ಬರಿ. ನಮ್ಮ ಕಡೆ ಗುತ್ತಿನ ಮನೆಗಳೆಂದರೆ ಹಿಂದೆ ಊರಿನ ಭೂಮಿ, ನ್ಯಾಯ, ದೈವದ ಕಾರ್ಯ ಎಲ್ಲ ನೋಡಿಕೊಂಡ ಮನೆಗಳು. ಹೆಣ್ಣು ಕೊಟ್ಟು ತಂದು, ಕೊಟ್ಟು ತಂದು, ಈಗ ಯಾರನ್ನು ಹಿಡಿದರೂ ಏನಾದರೊಂದು ಸಂಬಂಧವಾಗುತ್ತದೆ. ಅದಕ್ಕೇ ಮದುವೆಗೆ ಮೊದಲು ಕೇಳುವುದು ಬರಿ. ತಾಯಿಯಿಂದ ಮಕ್ಕಳಿಗೆ ಬರುವ ಕುಲ ಅದು. ಒಂದೇ ಬರಿಯ ಹುಡುಗ ಹುಡುಗಿ ಮುಖ ನೋಡಿರದಿದ್ದರೂ ಅಣ್ಣತಂಗಿ.

ಹುಡುಗ ನಾವೀಗ ಇರುವ ಈ ಕತಾರಿನಲ್ಲೇ ಬೆಳೆದವನು. ನಮ್ಮೂರಿನವರ ಒಂದು ಪೂಜೆಯಲ್ಲಿ ಊಟ ಬಡಿಸುವಾಗ ಮಗಳಿಗೆ ಪರಿಚಯವಾದದ್ದು. ಆಮೇಲೆ ಸೂಕ್ ವಾಕಿಫ್ ಪೇಟೆಯಲ್ಲಿ ಎರಡು ಸಲ ಚಹಾ ಕುಡಿದೆವೆಂದು ಅವಳೇ ಬಂದು ಹೇಳಿದಳು. ಮುಚ್ಚಿಡದೆ ಹೇಳಿದಳಲ್ಲ, ಅಷ್ಟು ದೇವರ ದಯೆ ಎಂದುಕೊಂಡು ಹುಡುಗನ ಬಯೋಡೇಟಾ ತರಿಸಿದೆ. ಅದರಲ್ಲಿ ಬರಿ ಎಂಬಲ್ಲಿ ನಮ್ಮದೇ ಬರಿ.

"ಖಲಾಸ್," ಎಂದು ನನ್ನ ಗಂಡ ಕಾಗದ ಮಡಚಿಟ್ಟರು.

"ಅಮ್ಮ, ಅವ್ನು ಯಾವ ಆಂಗಲಿಂದ ನಂಗೆ ಅಣ್ಣ?" ಎಂದು ಮಗಳು ಒಂದೇ ಸಲ ಕೇಳಿದ್ದು. ಮೂರನೆಯ ದಿನ ಅವಳೇ ಬಂದು, "ಬಾಯ್ ಅಣ್ಣ ಅಂತ ಮೆಸೇಜ್ ಹಾಕಿ ಬ್ಲಾಕ್ ಮಾಡಿದ್ದೇನೆ. ಈಗ ಖುಷಿಯಾ?" ಎಂದಳು. ಅಲ್ಲಿಂದ ಮನೆಯಲ್ಲಿ ಮಾತಿಲ್ಲ. ಊಟ ಬಿಡಲಿಲ್ಲ, ಅದೊಂದು ಸಮಾಧಾನ. ಉಂಡು, ತಟ್ಟೆ ತೊಳೆದಿಟ್ಟು, ಬಾಗಿಲು ಹಾಕಿಕೊಳ್ಳುತ್ತಿದ್ದಳು. ನಾನು ದಿನಾ ಸಂಜೆ ದೀಪ ಹಚ್ಚಿ ನಿಂತರೂ ಏನು ಕೇಳಬೇಕೆಂದು ತೋಚುತ್ತಿರಲಿಲ್ಲ. ದೇವರೇ ಹಾಕಿದ ಗೆರೆಯನ್ನು ಅಳಿಸು ಎಂದು ದೇವರನ್ನೇ ಕೇಳುವುದು ಹೇಗೆ?

ಅಲ್ ರಯ್ಯಾನಿನ ನಮ್ಮ ಕಾಂಪೌಂಡಿನಲ್ಲಿ ಎದುರು ಮನೆಯಾಕೆ ಇಂಗ್ಲೆಂಡಿನವರು, ನನಗಿಂತ ಹಿರಿಯರು. ಅವರ ಹಿರಿಯರಿದ್ದದ್ದು ತವರದ ಗಣಿಗಳ ಸೀಮೆಯಲ್ಲಿ. ಗಣಿ ಇದ್ದ ಭೂಮಿಯ ಐದಾರು ಯಜಮಾನ ಮನೆತನಗಳು ಆಸ್ತಿ ಹೊರಗೆ ಹೋಗಬಾರದೆಂದು ತಮ್ಮತಮ್ಮೊಳಗೇ ಮದುವೆ ಮಾಡಿಕೊಂಡವಂತೆ. ಆ ವಂಶಗಳನ್ನು ಹುಡುಕುವುದೇ ಆಕೆಯ ಕೆಲಸ. ಊಟದ ಮೇಜಿನ ತುಂಬ ಕಾಗದ. ಗಂಡನಿಗೆ ತಟ್ಟೆ ಇಡಲು ಜಾಗವಿಲ್ಲ. "ನಮ್ಮ ಗುತ್ತಿನ ಮನೆಗಳ ಹಾಗೆಯೇ," ಎಂದು ನಾನು ನನ್ನ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ.

ಮೊನ್ನೆ ಗೋಳಿಬಜೆ ಕೊಡಲು ಹೋದವಳು ಕುಳಿತುಬಿಟ್ಟೆ. ಮಗಳ ಸಂಗತಿ ಹೇಳಿ, ಫೋನಿನಲ್ಲಿ ಬಯೋಡೇಟಾ ತೋರಿಸಿದೆ. ಆಕೆ ಕನ್ನಡಕ ಏರಿಸಿ ನೋಡಿ, "ಇವನ ತಾಯಿ ಯಾವ ಮನೆಯವಳು?" ಎಂದರು.

ದಿವಂಗತ ಎಂದಿತ್ತು, ಮುಂದೆ ಹೆಸರು. ಅಷ್ಟೇ.

"ನಮ್ಮ ಚರ್ಚಿನ ದಾಖಲೆಗಳಲ್ಲೂ ಹೀಗೇ," ಎಂದರು. "ಮದುವೆಯಾದ ಕೂಡಲೇ ಹೆಂಗಸು ಮಾಯ. ಅವರ ತವರು ಹುಡುಕಿಯೇ ನನ್ನ ಕಣ್ಣು ಹೋಯಿತು. ನಿಮ್ಮ ಕುಲ ತಾಯಿಯದು ಅಂತೀರಿ. ಇಲ್ಲಿ ತಾಯಿಯ ಮನೆಯೇ ಇಲ್ಲ. ಹಾಗಾದರೆ ಇದು ಅವಳದೇ ಕುಲ ಅಂತ ಹೇಳಿದವರು ಯಾರು?"

ಇಷ್ಟು ವರ್ಷ ಊರಿನ ಎಷ್ಟೋ ಸಂಬಂಧಗಳನ್ನು ಬಾಯಲ್ಲೇ ಬಿಡಿಸಿದವಳು, ನನ್ನ ಮಗಳ ಸರದಿಗೆ ಕಾಗದ ನಂಬಿದ್ದೆ. ಮನೆಗೆ ಬಂದವಳೇ ದೊಡ್ಡಮ್ಮನಿಗೆ ಫೋನು ಮಾಡಿದೆ. ಈಗ ಅವರ ಉತ್ತರ ಬಂದಿತ್ತು.

"ತಾಯಿ ಹೋಗುವಾಗ ಅವನಿಗೆ ನಾಲ್ಕೇ ವರ್ಷ. ಹೇಳಿಕೊಡ್ಲಿಕ್ಕೆ ಯಾರುಂಟು? ನಿಮ್ಮ ಅಲ್ಲಿ ಎಲ್ಲಾ ಫಾರ್ಮಿಗೂ ಅಪ್ಪನ ಹೆಸರೇ ಅಲ್ವಾ, ಇದಕ್ಕೂ ಅಪ್ಪನ ಬರಿ ಬರೆದಿದ್ದಾನೆ, ಮಂಡೆ ಇಲ್ಲದವ. ಅವನ ತಾಯಿಯ ಚಿಕ್ಕಮ್ಮನ ಹತ್ರ ನಾನೇ ಮಾತಾಡಿದೆ. ತಾಯಿದು ಬೇರೆ ಬರಿ."

"ಹಾಗಾದ್ರೆ ಅವನ ಅಪ್ಪ ನಮ್ಮ ಬರಿ?"

"ನಿನಗೆ ಅಣ್ಣ ಆಗ್ಬೇಕು. ಅಣ್ಣನ ಮಗನಿಗೆ ಮಗಳನ್ನು ಕೊಡ್ಲಿಕ್ಕೆ ಯಾರನ್ನು ಕೇಳ್ಬೇಕು ಮಾರಾಯ್ತಿ? ಅಷ್ಟು ದೂರ ಹೋಗಿ ನೀನು ಅಡುಗೆ ಒಂದೇ ಮಾಡಿದ್ದಾ?"

ಮೀನಿನ ಕೈಯಲ್ಲಿ ದೇವರ ಮುಂದೆ ಹೋಗುವ ಹಾಗಿಲ್ಲ. ನಿಂತಲ್ಲೇ ಮನೆಯ ದೈವವನ್ನು ನೆನೆದೆ. ಖುಷಿಗಿಂತ ಮೊದಲು ಸುಸ್ತೇ ಬಂತು. ಶುಕ್ರವಾರದ ರಜೆಯಲ್ಲಿ ಮಲಗಿದ್ದ ಮಗಳ ಬಾಗಿಲು ತಟ್ಟಿದೆ.

ಎಲ್ಲ ಕೇಳಿ ಅವಳು, "ನಿನ್ನೆ ತನಕ ಅಣ್ಣ, ಇವತ್ತು ಬಾವ. ನಾಳೆ ಅಜ್ಜ ಮಾಡ್ತೀರಾ?" ಎಂದಳು. ನಗಲಿಲ್ಲ.

"ನಂದೇ ತಪ್ಪು. ನಾನೇ ಅವನಿಗೆ ಫೋನ್ ಮಾಡಿ ಹೇಳ್ತೇನೆ."

"ಬೇಡ. ನೀವು ಮೊದ್ಲು ಕೈ ತೊಳ್ಕೊಳ್ಳಿ, ವಾಸ್ನೆ ಬರ್ತದೆ."

ಬಾಗಿಲು ಹಾಕಿಕೊಂಡಳು. ಇಷ್ಟು ದಿನ ಒಬ್ಬನ ಬಾಯಿ ಮುಚ್ಚಿಸಿಟ್ಟ ಮೇಲೆ ಅವನು ಮಾತಾಡುತ್ತಾನೋ ಇಲ್ಲವೋ, ಆ ಯೋಚನೆಯಲ್ಲೇ ನಾನು ಒಳಗೆ ಬಂದು ಉಳಿದ ಬಂಗುಡೆ ತೊಳೆದೆ, ಕಾಯಿ ತುರಿದೆ, ಮೆಣಸು ಹುರಿದೆ. ಮಿಕ್ಸಿ ನಿಲ್ಲಿಸಿದಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

"ಊಟಕ್ಕೆ ಬಾ ಅಂತ ಹೇಳಿದೆ," ಎಂದಳು. "ಅಣ್ಣ ಬರ್ಬೇಕಾ ಬಾವ ಬರ್ಬೇಕಾ ಅಂತ ಕೇಳ್ತಿದ್ದಾನೆ. ಮೀನು ಸಾಕಾಗ್ತದಾ ಅಮ್ಮ?"

ಫ್ರೀಜರಿನಿಂದ ಇನ್ನೂ ನಾಲ್ಕು ಬಂಗುಡೆ ತೆಗೆದು ನೀರಿಗೆ ಹಾಕಿದೆ.